ಐಸ್ ಸ್ಟಾರ್ಮ್ ಮುಗೀತು, ಹೊಟ್ಟೆಯಲ್ಲಿರೋ ಮಗು ಹೇಗಿದೆ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೂಲ ಶಿರಸಿ ಕಡೆ. ಈಗ ಇರೋದು ಮಿಷಿಗನ್ ರಾಜ್ಯದ ಉತ್ತರಕ್ಕೆ, ಗೇಲಾರ್ಡ್ ಹತ್ತಿರದ ಒಂದು ಪುಟ್ಟ ಊರಲ್ಲಿ. ಇದು ಮೊದಲ ಬಸಿರು. ಮಾರ್ಚ್ ಕೊನೆಯಲ್ಲಿ ಐಸ್ ಸ್ಟಾರ್ಮ್, ಅಂದರೆ ಮುಟ್ಟಿದ್ದಕ್ಕೆಲ್ಲ ಐಸ್ ಕಟ್ಟುವ ಮಳೆ, ಬಂದಾಗ ನನಗೆ 28 ವಾರ, ಈಗ 31. ಹನ್ನೊಂದು ದಿನ ಕರೆಂಟ್ ಇರಲಿಲ್ಲ, ಬೋರ್ ಪಂಪ್ ನಿಂತು ನೀರೂ ಇರಲಿಲ್ಲ. ಮೊದಲ ಎರಡು ರಾತ್ರಿ ಗ್ಯಾರೇಜಲ್ಲಿ ಜನರೇಟರ್ ಇಟ್ಟು ಹೀಟರ್ ಹಾಕಿಕೊಂಡಿದ್ದೆವು. ಸಿಕ್ಕಾಪಟ್ಟೆ ತಲೆನೋವು, ನಿದ್ದೆಗೆಟ್ಟು ಬಂದಿರಬೇಕು. ಬೆರಳಿಗೆ ಹಾಕೋ ಆಕ್ಸಿಮೀಟರಲ್ಲಿ 98 ಇತ್ತು. ಆಮೇಲೆ ಚರ್ಚಿನವರು ತೆರೆದ ಆಶ್ರಯದಲ್ಲಿ ಮಲಗಿದೆವು. ಆ ವಾರದ ಡಾಕ್ಟರ್ ಭೇಟಿ ರದ್ದಾಯಿತು. ಸಕ್ಕರೆ ಪರೀಕ್ಷೆ ಆಗಲಿಲ್ಲ, ನನ್ನದು ಓ ನೆಗೆಟಿವ್ ರಕ್ತ, ಅದರ ಇಂಜೆಕ್ಷನ್ನೂ ಆಗಲಿಲ್ಲ. ಆಯಿ ಫೋನಲ್ಲಿ 'ಚಳಿ ಮಗುವಿಗೆ ತಟ್ಟಿದೆ' ಅಂತಾಳೆ. ನೆಟ್ಟಲ್ಲಿ ನೋಡಿದರೆ ಐಸ್ ಸ್ಟಾರ್ಮ್ ಅನುಭವಿಸಿದ ತಾಯಂದಿರ ಮಕ್ಕಳಿಗೆ ಬುದ್ಧಿ ಕಡಿಮೆ ಅಂತ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನಿದ್ದೆ ಇಲ್ಲ. ಆಸ್ಪತ್ರೆ ಒಂದು ಗಂಟೆ ದಾರಿ. ಅತ್ತೆ ಊರಿಗೇ ಬಂದುಬಿಡು ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗಲೇ ಕಣ್ಣು ನಿಂತದ್ದು ನೀವು ಹೆದರಿದ ಜಾಗದಲ್ಲಲ್ಲ. ನೀವು ನಿದ್ದೆ ಬಿಟ್ಟಿರುವುದು ನೆಟ್ಟಲ್ಲಿ ಓದಿದ ಸುದ್ದಿಗೆ. ನನ್ನ ನಿದ್ದೆ ಕೆಡಿಸಿದ್ದು ನೀವು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋದ ಜನರೇಟರ್. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಜನರೇಟರ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿಟ್ಟರೂ ಅದು ಮನೆಯೊಳಗೆ ನುಸುಳುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲ ಲಕ್ಷಣವೇ ತಲೆನೋವು. ಆಮೇಲೆ ತಲೆಸುತ್ತು, ವಾಕರಿಕೆ. ಬಸುರಿಯರಿಗೆ ಇವೆಲ್ಲ ದಿನಾ ಇದ್ದದ್ದೇ ಅಲ್ವಾ, ಅದಕ್ಕೇ ಯಾರೂ ಅನುಮಾನ ಪಡುವುದಿಲ್ಲ.

ಆಕ್ಸಿಮೀಟರ್ ವಿಷಯ. ಅದು 98 ತೋರಿಸಿದ್ದು ಸುಳ್ಳು ಸಮಾಧಾನ. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಅದಕ್ಕೆ ಕೆಂಪೇ. ಕೋವಿಡ್ ಆದಮೇಲೆ ಎಲ್ಲರ ಮನೆಯಲ್ಲೂ ಆ ಯಂತ್ರ ಇದೆ, ಎಲ್ಲರೂ ಅದನ್ನೇ ನಂಬುತ್ತಾರೆ. ನಾನು ಕೆಲಸ ಮಾಡುವ ಕಡೆ ಚಳಿಗಾಲದಲ್ಲಿ ಗಂಡ ಹೆಂಡತಿ ಇಬ್ಬರೂ ತಲೆನೋವು ಅಂತ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ, ಮನೆ ಹೇಗೆ ಬೆಚ್ಚಗಿಟ್ಟಿದ್ದೀರಿ ಅಂತ.

ಇನ್ನು ಮಗು. ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೆ ಈ ಅನಿಲ ನಿಧಾನವಾಗಿ ಸೇರುತ್ತದೆ, ಆದರೆ ಕೊನೆಗೆ ತಾಯಿಯ ಮಟ್ಟಕ್ಕಿಂತ ಮೇಲಕ್ಕೆ ಹೋಗುತ್ತದೆ. ಬಿಟ್ಟುಹೋಗುವುದೂ ನಿಧಾನ. ತಾಯಿ ಹೊರಗೆ ಬಂದು ಗಾಳಿ ಕುಡಿದು ಹುಷಾರಾದರೂ ಮಗುವಿನಲ್ಲಿ ಅದು ಇನ್ನೂ ಉಳಿದಿರಬಹುದು. ಅದಕ್ಕೇ ಬಸುರಿಗೆ ಅನುಮಾನ ಬಂದ ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಮುಖವಾಡದಲ್ಲಿ ಆಮ್ಲಜನಕ ಕೊಡುತ್ತಾರೆ, ಬೇರೆಯವರಿಗಿಂತ ಹೆಚ್ಚು ಹೊತ್ತು ಕೊಡುತ್ತಾರೆ.

ಹೆದರಿಸುವುದಕ್ಕೆ ಇದನ್ನು ಹೇಳಲಿಲ್ಲ. ನಿಮ್ಮ ವಿಷಯಕ್ಕೆ ಬಂದರೆ, ನೀವು ಪ್ರಜ್ಞೆ ತಪ್ಪಿಲ್ಲ, ಗೊಂದಲವಾಗಿಲ್ಲ, ಮೂರನೇ ದಿನ ಮನೆ ಬಿಟ್ಟಿದ್ದೀರಿ. ಇಂಥ ಸೌಮ್ಯ ಪ್ರಕರಣಗಳಲ್ಲಿ ಮಕ್ಕಳು ಚೆನ್ನಾಗೇ ಹುಟ್ಟಿರುವ ವರದಿಗಳಿವೆ. ತೊಂದರೆ ಕಂಡಿರುವುದು ಹೆಚ್ಚಾಗಿ ತಾಯಿ ತೀವ್ರವಾಗಿ ಅಸ್ವಸ್ಥಳಾದಾಗ. ಈಗ ಮೂರು ವಾರದ ಮೇಲೆ ರಕ್ತದಲ್ಲಿ ಅದನ್ನು ಹುಡುಕಿ ಪ್ರಯೋಜನ ಇಲ್ಲ, ಒಂದೆರಡು ದಿನದಲ್ಲೇ ಹೋಗಿರುತ್ತದೆ. ಆದರೆ ನಿಮ್ಮ ಡಾಕ್ಟರಿಗೆ ಈ ಎರಡು ರಾತ್ರಿಯ ಕಥೆ ಹೇಳಲೇಬೇಕು. ಅವರು ಒಂದು ಸ್ಕ್ಯಾನ್ ಮಾಡಿ ಮಗುವಿನ ಬೆಳವಣಿಗೆ ನೋಡುತ್ತಾರೆ. ಅಷ್ಟು ಸಾಕು. ನಿಮಗೆ ತಲೆನೋವು ಬಂದದ್ದು ನಿದ್ದೆಗೆಟ್ಟಿದ್ದಕ್ಕೇ ಇದ್ದರೂ ಇರಬಹುದು, ಆದರೆ ಹಾಗಂತ ಈಗ ಯಾರೂ ಖಚಿತವಾಗಿ ಹೇಳುವ ಹಾಗಿಲ್ಲ.

ನಿಮ್ಮ ಕಡೆ ಮತ್ತೆ ಕರೆಂಟ್ ಹೋದರೆ ಜನರೇಟರ್ ಹೊರಗೇ ಇರಬೇಕು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿ ಬಾಗಿಲ ಕಡೆ ಬಾರದ ಹಾಗೆ ತಿರುಗಿಸಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕೋಣೆಯ ಹೊರಗೆ ಹಾಕಿಸಿ. ತೊಟ್ಟಿಲು ತರುವ ಮೊದಲು ಇದು ಬರಲಿ.

ಈಗ ಆಯಿಯ ಮಾತು. ಚಳಿ ಮಗುವಿಗೆ ತಟ್ಟುವುದಿಲ್ಲ. ಹೊಟ್ಟೆಯಲ್ಲಿರುವ ಮಗು ನಿಮಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಬೆಚ್ಚಗೇ ಇರುತ್ತದೆ. ನಿಮ್ಮ ಕೈಕಾಲು ತಣ್ಣಗಾಗಿ ನೀವು ಗಡಗಡ ನಡುಗಿದಿರಿ ಅಂದರೆ ನಿಮ್ಮ ಮೈ ತನ್ನ ಒಳಗನ್ನು ಕಾಪಾಡಿಕೊಳ್ಳುತ್ತಿತ್ತು ಅಂತಲೇ ಅರ್ಥ. ನಿಮ್ಮ ಒಳಗಿನ ಉಷ್ಣತೆಯೇ 35 ಡಿಗ್ರಿಗಿಂತ ಕೆಳಗಿಳಿದು ಮಾತು ತೊದಲುವಂತಾದರೆ ಮಾತ್ರ ಅಪಾಯ. ಹಾಗಾಗಿದ್ದರೆ ನೀವು ಈ ಪತ್ರ ಬರೆಯುವ ಮೊದಲೇ ಆಸ್ಪತ್ರೆ ಸೇರಿರುತ್ತಿದ್ದಿರಿ. ಚಳಿಯಲ್ಲಿ ನಿಜವಾಗಿ ಆಗುವ ತೊಂದರೆ ಬೇರೆ. ಬಾತ್‌ರೂಮಿಗೆ ನೀರಿಲ್ಲ, ಹೊರಗೆ ಹೋಗಲು ಚಳಿ, ಹಾಗಂತ ಬಸುರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಮೂತ್ರದ ಸೋಂಕೂ ಬರುತ್ತದೆ. ಆಯಿಗೆ ಇದನ್ನು ಹೇಳಿ. ಅವರ ಕಾಳಜಿ ಸರಿಯಾಗೇ ಇದೆ, ಬೆರಳು ತೋರಿಸಿದ ದಿಕ್ಕು ಮಾತ್ರ ಸ್ವಲ್ಪ ಆಚೀಚೆ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಸುದ್ದಿ. ಅದು ಪೂರ್ತಿ ಸುಳ್ಳಲ್ಲ. ಅದಕ್ಕೇ ಕೂತು ಹೇಳಬೇಕು.

1998ರ ಜನವರಿ ಮೊದಲ ವಾರ ಕೆನಡಾದ ಕ್ವಿಬೆಕ್ ಮತ್ತು ಸುತ್ತಮುತ್ತ ದಿನಗಟ್ಟಲೆ ಇಂಥದ್ದೇ ಮಳೆ ಬಿತ್ತು. ಬೀಳುವಾಗ ನೀರು, ಮುಟ್ಟಿದಲ್ಲಿ ಐಸ್. ಸಾವಿರಕ್ಕೂ ಹೆಚ್ಚು ಉಕ್ಕಿನ ವಿದ್ಯುತ್ ಗೋಪುರಗಳು ಮಡಚಿ ಬಿದ್ದವು. ಕೆಲವು ಮನೆಗಳಿಗೆ ಒಂದು ತಿಂಗಳಾದರೂ ಕರೆಂಟ್ ಬರಲಿಲ್ಲ. ಆಗ ಬಸುರಿಯಾಗಿದ್ದ ತಾಯಂದಿರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ಸುಜಾನ್ ಕಿಂಗ್ ಎಂಬ ಮಾಂಟ್ರಿಯಲ್‌ನ ಸಂಶೋಧಕಿ ಮತ್ತು ಅವರ ತಂಡ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಆ ಅಧ್ಯಯನದ ಹೆಸರೇ ಪ್ರಾಜೆಕ್ಟ್ ಐಸ್ ಸ್ಟಾರ್ಮ್. ಹೆಚ್ಚು ಕಷ್ಟಕ್ಕೆ ಸಿಕ್ಕಿದ ತಾಯಂದಿರ ಮಕ್ಕಳು ಎರಡು ವರ್ಷಕ್ಕೂ ಐದೂವರೆ ವರ್ಷಕ್ಕೂ ಮಾತು ಮತ್ತು ಬುದ್ಧಿಯ ಪರೀಕ್ಷೆಗಳಲ್ಲಿ ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಅಂಕ ಪಡೆದರು. ನೀವು ಓದಿದ್ದು ಇದೇ.

ಆದರೆ ನೆಟ್ಟಲ್ಲಿ ಬರೆದವರು ಬಿಟ್ಟದ್ದೂ ಇದೆ. ಅದು ಕೆಲವೇ ಕುಟುಂಬಗಳ ಸಣ್ಣ ಗುಂಪು. ಹೇಳುತ್ತಿರುವುದು ಗುಂಪಿನ ಸರಾಸರಿ, ಒಂದು ಮಗುವಿನ ಹಣೆಬರಹ ಅಲ್ಲ. ಎರಡು ವರ್ಷದ ಮಕ್ಕಳಲ್ಲಿ ಪರಿಣಾಮ ಹೆಚ್ಚು ಕಂಡದ್ದು ಬಸಿರಿನ ಮೊದಲ ಆರು ತಿಂಗಳಲ್ಲಿ ಬಿರುಗಾಳಿಗೆ ಸಿಕ್ಕವರಲ್ಲಿ. ನಿಮಗೆ ಆಗ 28 ವಾರ, ಕೊನೆಯ ಮೂರು ತಿಂಗಳು ಶುರುವಾಗಿತ್ತು. ಕರೆಂಟ್ ಇಲ್ಲದ ದಿನಗಳು, ಮನೆ ಬಿಟ್ಟದ್ದು, ಆದ ನಷ್ಟ, ಇಂಥ ಹೊರಗಿನ ಕಷ್ಟವನ್ನು ಅವರು ಒಂದು ಕಡೆ ಅಳೆದರು. ತಾಯಿ ಎಷ್ಟು ಹೆದರಿದಳು ಅನ್ನುವುದನ್ನು ಬೇರೆ ಅಳೆದರು. ಅಂಕಗಳಲ್ಲಿ ಹೆಚ್ಚಾಗಿ ಲೆಕ್ಕಕ್ಕೆ ಬಂದದ್ದು ಹೊರಗಿನ ಕಷ್ಟ. ಅಂದರೆ 'ನಾನು ಕಣ್ಣೀರಿಟ್ಟೆ, ಹೆದರಿದೆ, ಅದಕ್ಕೆ ಮಗುವಿಗೆ ಹೀಗಾಯಿತು' ಅಂತ ನಿಮ್ಮನ್ನು ನೀವೇ ಬೈದುಕೊಳ್ಳುವುದಕ್ಕೆ ಈ ಅಧ್ಯಯನದಲ್ಲಿ ಆಧಾರ ಇಲ್ಲ.

ಅದೇ ತಂಡದವರು ಸೇರಿ 2011ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಪ್ರವಾಹದ ನಂತರವೂ ನೋಡಿದರು. ಅಲ್ಲಿ ಕೆಲವು ಬಸುರಿಯರಿಗೆ ಶುರುವಿಂದ ಕೊನೆವರೆಗೂ ಗುರುತಿರುವ ಒಬ್ಬರೇ ಸೂಲಗಿತ್ತಿ ನರ್ಸ್ ಆರೈಕೆ ಮಾಡಿದ್ದರು. ಅಂಥವರಲ್ಲಿ ಪ್ರವಾಹದ ಒತ್ತಡದ ಏಟು ಕಡಿಮೆ ಕಂಡಿತು. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ನಾನು ಕೆಲಸ ಶುರು ಮಾಡಿದ್ದು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ಜುಲೈ ಮಳೆಯಲ್ಲಿ ಕಾಲುಸಂಕ ಕೊಚ್ಚಿಹೋದಾಗ ಬರುವ ಬಸುರಿಯರಲ್ಲಿ ಯಾರು ಧೈರ್ಯವಾಗಿರುತ್ತಿದ್ದರು ಗೊತ್ತಾ? ಜೊತೆಗೆ ಗುರುತಿನ ಒಂದು ಮುಖ ಇದ್ದವರು. ನಿಮ್ಮ ಡಾಕ್ಟರ್ ಪ್ರತಿ ಸಲ ಬೇರೆಯಾಗುತ್ತಿದ್ದರೆ, ಒಬ್ಬರನ್ನೇ ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಈಗ ತಪ್ಪಿಹೋದ ಎರಡು ಕೆಲಸ. ಇದನ್ನು ಈ ವಾರವೇ ಮುಗಿಸಿ.

ನಿಮ್ಮ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಇದ್ದರೆ, ಮಗುವಿನ ರಕ್ತದ ಹನಿ ನಿಮ್ಮ ರಕ್ತಕ್ಕೆ ಸೇರಿದಾಗ ನಿಮ್ಮ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳಬಹುದು. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮುಂದಿನ ಮಗುವಿಗೆ ತೊಂದರೆ. ಅದನ್ನು ತಡೆಯುವುದಕ್ಕೇ 28 ವಾರದ ಆಸುಪಾಸಿನಲ್ಲಿ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಬಸಿರಿನಲ್ಲಿ ಇಂಜೆಕ್ಷನ್ ಕೊಡದೇ ಬಿಟ್ಟರೆ ಹೆರಿಗೆಯ ಮೊದಲೇ ನೂರರಲ್ಲಿ ಒಬ್ಬರು ಇಬ್ಬರಿಗೆ ಪ್ರತಿಕಾಯ ಹುಟ್ಟಿಕೊಳ್ಳುತ್ತದೆ. ಸಣ್ಣ ಸಂಖ್ಯೆ, ಆದರೆ ಒಂದು ಸೂಜಿಯಲ್ಲಿ ತಪ್ಪುವ ತೊಂದರೆ ಯಾಕೆ ಇಟ್ಟುಕೊಳ್ಳಬೇಕು? '28 ವಾರ ದಾಟಿತು, ಇನ್ನು ಪ್ರಯೋಜನ ಇಲ್ಲ' ಅನ್ನುವುದು ತಪ್ಪು. 31ಕ್ಕೂ ಕೊಡುತ್ತಾರೆ. ಫೋನಲ್ಲಿ ಮಾತಾಡುವಾಗ 'ಭೇಟಿ ತಪ್ಪಿತು' ಅಂತಷ್ಟೇ ಹೇಳಬೇಡಿ, 'ನಾನು ಓ ನೆಗೆಟಿವ್, ಇಂಜೆಕ್ಷನ್ ಆಗಿಲ್ಲ' ಅಂತ ಹೇಳಿ. ಸಾಲು ಎಷ್ಟೇ ಉದ್ದ ಇದ್ದರೂ ಜಾಗ ಮಾಡಿಕೊಡುತ್ತಾರೆ.

ಸಕ್ಕರೆ ಪರೀಕ್ಷೆಯೂ ಹಾಗೆಯೇ. ನಮ್ಮ ಕಡೆಯ ಹೆಂಗಸರಿಗೆ ಬಸಿರಿನಲ್ಲಿ ಸಕ್ಕರೆ ಬರುವುದು ಜಾಸ್ತಿ, ತೂಕ ಇಲ್ಲದವರಿಗೂ ಬರುತ್ತದೆ. ಆಶ್ರಯದಲ್ಲಿ ಇದ್ದಷ್ಟು ದಿನ ಬ್ರೆಡ್ಡು, ಡೋನಟ್ಟು, ಡಬ್ಬಿಯ ಹಣ್ಣು ತಿಂದಿದ್ದೀರಿ ಅಂದುಕೊಳ್ಳುತ್ತೇನೆ. ಅದರಿಂದ ಸಕ್ಕರೆ ಬರುವುದಿಲ್ಲ, ಆದರೆ ಇದ್ದರೆ ಗೊತ್ತಾಗಬೇಕು. ಅದೇ ದಿನ ಬಿಪಿ ನೋಡಿಸಿ, ಒಂದು ಬಿಪಿ ಯಂತ್ರ ಮನೆಗೂ ತನ್ನಿ. 140/90 ಮೇಲೆ ಬಂದರೆ ಅವತ್ತೇ ಫೋನ್ ಮಾಡಬೇಕು. 160/110 ಆದರೆ, ಇಲ್ಲಾ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫೋನ್ ಮಾಡುತ್ತಾ ಕೂರದೆ ಹೊರಡಬೇಕು. ನಾಯಿಕೆಮ್ಮಿನ ಲಸಿಕೆ ಆಗಿಲ್ಲದಿದ್ದರೆ ಅದಕ್ಕೂ ಈಗಲೇ ಸಮಯ, 27ರಿಂದ 36 ವಾರದೊಳಗೆ.

ನೀರಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಬಾವಿ ಪಂಪ್ ದಿನಗಟ್ಟಲೆ ನಿಂತು ಪೈಪಿನ ಒತ್ತಡ ಇಳಿದಾಗ ಹೊರಗಿನ ಕೊಳಕು ಒಳಗೆ ಸೇರುವ ಸಾಧ್ಯತೆ ಇದೆ. ಕೌಂಟಿ ಆರೋಗ್ಯ ಇಲಾಖೆಯವರ ಹತ್ತಿರ ಬಾಟಲಿ ಸಿಗುತ್ತದೆ, ತುಂಬಿಸಿ ಕೊಟ್ಟರೆ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ಕುಡಿಯುವ ನೀರನ್ನು ಗುಳ್ಳೆ ಎದ್ದು ಕುದಿಯುವಂತೆ ಒಂದು ನಿಮಿಷ ಕಾಯಿಸಿ. ಜೊತೆಗೇ ನೈಟ್ರೇಟ್ ಪರೀಕ್ಷೆಯನ್ನೂ ಕೇಳಿ. ಅದು ದೊಡ್ಡವರಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಆ ನೀರಲ್ಲಿ ಪುಡಿ ಹಾಲು ಕಲಸಿ ಎಳೆ ಮಗುವಿಗೆ ಕೊಟ್ಟರೆ ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ದಟ್ಟವಾಗುತ್ತದೆ. ಪೈಪ್ ಒಡೆದು ಗೋಡೆ ನೆನೆದಿದ್ದರೆ, ಮನೆ 1978ಕ್ಕಿಂತ ಹಳೆಯದಾದರೆ, ಬಣ್ಣ ಕೆರೆಯುವ ಕೆಲಸದಿಂದ ನೀವು ದೂರ ಇರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಕರೆಂಟ್ ಇಲ್ಲದಾಗ ಫ್ರಿಜ್ಜಲ್ಲಿದ್ದದ್ದನ್ನು ತಿಂದಿದ್ದರೆ, ಮುಂದಿನ ಕೆಲವು ವಾರ ಜ್ವರ ಮೈಕೈ ನೋವು ಬಂದರೆ ಸುಮ್ನೆ ಫ್ಲೂ ಅಂದುಕೊಳ್ಳಬೇಡಿ. ಲಿಸ್ಟೀರಿಯಾ ಅನ್ನುವ ಕೀಟಾಣು ತಿಂದು ಎರಡು ತಿಂಗಳ ಮೇಲೂ ಕಾಣಿಸಿಕೊಳ್ಳಬಹುದು. ಬಸುರಿಯರಿಗೆ ಅದು ಬೇರೆಯವರಿಗಿಂತ ಹತ್ತು ಪಟ್ಟು ಜಾಸ್ತಿ ಅಂಟುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಔಷಧಿಯೂ ಇದೆ. ಡಾಕ್ಟರಿಗೆ ಹಿನ್ನೆಲೆ ಹೇಳಬೇಕು ಅಷ್ಟೇ.

ಕೊನೆಗೆ, ಹೆರಿಗೆ ಎಲ್ಲಿ? ಇದಕ್ಕೆ ಒಂದೇ ಸರಿ ಉತ್ತರ ಇಲ್ಲ.

ಊರಿಗೆ ಹೋಗುವುದು ನನ್ನ ಸಲಹೆ ಅಲ್ಲ. 31 ವಾರಕ್ಕೆ ಎಷ್ಟೋ ವಿಮಾನದವರು ಡಾಕ್ಟರ ಚೀಟಿ ಕೇಳುತ್ತಾರೆ, 36ರ ಮೇಲೆ ಬಹುತೇಕ ಯಾರೂ ಹತ್ತಿಸುವುದಿಲ್ಲ. ಇಪ್ಪತ್ತು ಗಂಟೆಗೂ ಮೇಲೆ ಕೂತು ಹೋದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಬಸುರಿಯರಿಗೆ ಮೊದಲೇ ಜಾಸ್ತಿ. ನಿಮ್ಮ ಕೈಯಲ್ಲಿರುವ ಎರಡು ತಪ್ಪಿದ ಪರೀಕ್ಷೆ ಇನ್ನೂ ಮುಂದೆ ಹೋಗುತ್ತದೆ.

ಡೆಟ್ರಾಯ್ಟ್ ಕಡೆ, ನೋವೈ ಕ್ಯಾಂಟನ್ ಸುತ್ತ ಕನ್ನಡದವರು ಬೇಕಾದಷ್ಟಿದ್ದಾರೆ, ಸ್ನೇಹಿತರ ಮನೆಯೂ ಇರಬಹುದು. ದೊಡ್ಡ ಆಸ್ಪತ್ರೆ, ಅಡುಗೆಗೆ ಜನ. ಆದರೆ ಅದು ಮೂರು ಗಂಟೆಗೂ ಮೇಲಿನ ದಾರಿ. ಕೊನೆಯ ತಿಂಗಳು ಹೊಸ ಬಸುರಿಯನ್ನು ಸೇರಿಸಿಕೊಳ್ಳಲು ಬಹಳ ಡಾಕ್ಟರುಗಳು ಹಿಂದೆಮುಂದೆ ನೋಡುತ್ತಾರೆ. ಹೋಗುವುದಾದರೆ ಈಗಲೇ, 34 ವಾರದೊಳಗೆ, ಎಲ್ಲ ದಾಖಲೆ ಕೈಯಲ್ಲಿ ಹಿಡಿದು. ಗಂಡ ಅಲ್ಲಿ ನೀವು ಇಲ್ಲಿ ಅಂತಾಗುವುದನ್ನೂ ಲೆಕ್ಕ ಹಾಕಿ.

ಇರುವಲ್ಲೇ ಇರುವುದು ಮೂರನೆಯದು. ಅಮೆರಿಕದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಈಗ ಹೆರಿಗೆ ವಿಭಾಗವೇ ಇಲ್ಲ, ಹಾಗಾಗಿ ಒಂದು ಗಂಟೆ ದಾರಿ ಅನ್ನುವುದು ನಿಮ್ಮೊಬ್ಬರ ಕಥೆ ಅಲ್ಲ. ಮೊದಲ ಹೆರಿಗೆ ಸಾಮಾನ್ಯವಾಗಿ ಗಂಟೆಗಟ್ಟಲೆ ಹಿಡಿಯುತ್ತದೆ, ಒಂದು ಗಂಟೆ ದಾರಿಗೆ ಸಮಯ ಇರುತ್ತದೆ. ನಿಮ್ಮ ದಿನ ತುಂಬುವುದು ಜೂನ್ ಮೂರನೇ ವಾರ, ಆಗ ಐಸ್ ಇರುವುದಿಲ್ಲ. ಆದರೆ ಅರ್ಧ ಮುರಿದು ನೇತಾಡುವ ಕೊಂಬೆಗಳು ಇನ್ನೂ ಇರುತ್ತವೆ, ಒಂದು ಗುಡುಗು ಮಳೆ ಸಾಕು ರಸ್ತೆ ಕಟ್ಟುವುದಕ್ಕೆ. ಅದಕ್ಕೇ ಎರಡು ದಾರಿ ಮೊದಲೇ ಓಡಿಸಿ ನೋಡಿಕೊಳ್ಳಿ, ಮೊಬೈಲ್ ಸಿಗ್ನಲ್ ಎಲ್ಲಿ ಸಾಯುತ್ತದೆ ಅಂತಲೂ. 38 ವಾರದ ನಂತರ ಹವಾಮಾನ ಕೆಡುವ ಸೂಚನೆ ಇದ್ದರೆ ಆಸ್ಪತ್ರೆ ಇರುವ ಊರಲ್ಲಿ ಒಂದೆರಡು ರಾತ್ರಿ ಮೋಟೆಲ್ ಹಿಡಿಯಿರಿ. ಮಲೆನಾಡಲ್ಲಿ ಮಳೆ ಹಿಡಿಯುವ ಮೊದಲೇ ತುಂಬು ಬಸುರಿಯನ್ನು ಪೇಟೆಯ ನೆಂಟರ ಮನೆಗೆ ಕಳಿಸುತ್ತಿದ್ದರಲ್ಲ, ಅದೇ ಲೆಕ್ಕ.

39 ವಾರಕ್ಕೆ ದಿನ ಗೊತ್ತುಮಾಡಿ ನೋವು ಬರಿಸುವುದೂ ಒಂದು ಆಯ್ಕೆ. ಹಾಗೆ ಮಾಡಿದರೆ ಸಿಸೇರಿಯನ್ ಖಂಡಿತ ಅನ್ನುವ ಮಾತು ನಮ್ಮವರಲ್ಲಿ ಗಟ್ಟಿಯಾಗಿದೆ. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೊದಲ ಬಸಿರಿನ, ತೊಂದರೆ ಇಲ್ಲದ 6,000ಕ್ಕೂ ಹೆಚ್ಚು ಹೆಂಗಸರನ್ನು ನೋಡಿದರು. 39 ವಾರಕ್ಕೆ ನೋವು ಬರಿಸಿದವರಲ್ಲಿ ಸಿಸೇರಿಯನ್ ಸುಮಾರು 19 ಶೇಕಡಾ, ಕಾದವರಲ್ಲಿ 22. ತೊಂದರೆ ಏನೆಂದರೆ ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಇರಬೇಕು, ಕೆಲವರಿಗೆ ಎರಡು ದಿನ ಹಿಡಿಯುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇರುವಲ್ಲೇ ಇದ್ದು, 39ರ ಮಾತನ್ನು ಡಾಕ್ಟರ ಹತ್ತಿರ ಈಗಲೇ ತೆಗೆದಿಡುತ್ತಿದ್ದೆ.

ಅಷ್ಟರಲ್ಲಿ ರಕ್ತ ಹೋದರೆ, ನೀರು ಸೋರಿದರೆ, 37 ವಾರದ ಮೊದಲು ಗಂಟೆಗೆ ಆರು ಸಲ ಹೊಟ್ಟೆ ಗಟ್ಟಿಯಾದರೆ ಕಾಯಬೇಡಿ. ಮಗು ಎಂದಿನಂತೆ ಆಡುತ್ತಿಲ್ಲ ಅನ್ನಿಸಿದರೆ ಎಡಮಗ್ಗುಲಾಗಿ ಮಲಗಿ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಒದೆತ ಬಾರದಿದ್ದರೆ ಹೊರಡಿ.

ಮರದ ಕೊಂಬೆ ಮುರಿಯುವ ಶಬ್ದ ಗುಂಡು ಹಾರಿದ ಹಾಗಿತ್ತು ಅಂತ ಉತ್ತರ ಮಿಷಿಗನ್ನಿನ ಎಷ್ಟೋ ಜನ ಹೇಳಿದ್ದಾರೆ. ಈಗಲೂ ಬಾಗಿಲು ಬಡಿದರೆ ಎದೆ ಝಲ್ಲೆನ್ನುತ್ತಿದ್ದರೆ ಅದು ಮೊದಲ ತಿಂಗಳು ಸಹಜ. ತಿಂಗಳು ದಾಟಿದರೂ ಹಾಗೇ ಇದ್ದರೆ, ಏನೂ ಬೇಡ ಅನ್ನಿಸುತ್ತಿದ್ದರೆ, 1-833-852-6262ಕ್ಕೆ ಕರೆ ಮಾಡಿ. ಬಸುರಿ ಬಾಣಂತಿಯರಿಗೆಂದೇ ಸರ್ಕಾರ ಇಟ್ಟಿರುವ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಆಯಿ ಬಾಣಂತನಕ್ಕೆ ಬರುತ್ತಾರೆ ಅಂದುಕೊಳ್ಳುತ್ತೇನೆ. ಜೂನ್ ಮೊದಲ ವಾರಕ್ಕೆ ಬರುವ ಹಾಗೆ ಟಿಕೆಟ್ ಮಾಡಿ. ಮೆಂತ್ಯದ ಲಾಡು, ಹಳೆ ಹತ್ತಿ ಸೀರೆ ಎಲ್ಲ ತರಲಿ. ಒಂದು ಮಾತ್ರ ಮೊದಲೇ ಹೇಳಿಬಿಡಿ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಬೇಡ, ಕೆಂಡದ ಮೇಲೆ ಲೋಬಾನದ ಹೊಗೆಯೂ ಬೇಡ. ಊರಿನ ಹೆಂಚಿನ ಮನೆಗೆ ಸಂದಿನಲ್ಲಿ ಗಾಳಿ ಆಡುತ್ತಿತ್ತು, ನಡೆಯುತ್ತಿತ್ತು. ನಿಮ್ಮ ಮನೆ ಚಳಿಗೆ ಅಂತ ಬಿಗಿಯಾಗಿ ಕಟ್ಟಿದ್ದು. ಜನರೇಟರಿಂದ ಬಂದ ಅದೇ ಅನಿಲ ಇದ್ದಿಲ ಕೆಂಡದಿಂದಲೂ ಬರುತ್ತದೆ. ಬಿಸಿನೀರಿನ ಚೀಲ ಕೊಡಿ, ಅದನ್ನೇ ಬಟ್ಟೆಯಲ್ಲಿ ಸುತ್ತಿ ನಿಮ್ಮ ಬೆನ್ನಿಗೆ ಇಡಲಿ.